ಕಾಗದದ ಜುಮುಕಿಗೆ ಬೆಲೆ ಎಷ್ಟು?

ಐವತ್ತು ದಾಟಿದವರು ಹೊಸದೊಂದು ಕೈಕೆಲಸ ಕಲಿಯಲು ಹೊರಟರೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಮೊದಲನೆಯದು, 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?' ಎರಡನೆಯದು, 'ಹೋಗಲಿ ಬಿಡಿ, ಹೊತ್ತು ಹೋಗುತ್ತೆ.' ಮೊದಲ ಮಾತಿಗೆ ಹೇಗೋ ಉತ್ತರ ಕೊಟ್ಟುಬಿಡಬಹುದು. ತೊಂದರೆ ಇರುವುದು ಎರಡನೆಯದರಲ್ಲಿ. ಅದು ಮೇಲ್ನೋಟಕ್ಕೆ ಒಳ್ಳೆಯ ಮಾತು, ಆಶೀರ್ವಾದದಂತೆಯೇ ಕೇಳಿಸುತ್ತದೆ. ಆದರೆ ಹೊತ್ತು ಹೋಗಲೆಂದು ಮಾಡುವ ಕೆಲಸಕ್ಕೆ ಹೊತ್ತಿನ ಲೆಕ್ಕ ಇರುವುದಿಲ್ಲ. ಹೊತ್ತಿನ ಲೆಕ್ಕ ಇಲ್ಲದ ಮೇಲೆ ಕೂಲಿಯ ಲೆಕ್ಕ ಎಲ್ಲಿಂದ ಬರಬೇಕು?

ನಮ್ಮ ಹೆಂಗಸರ ಕೈಕೆಲಸಕ್ಕೆ ಈ ಶಾಪ ಬಹಳ ಹಳೆಯದು. ಹಳೆ ಮೈಸೂರಿನ ಕಡೆ ಗೌರಿ ಹಬ್ಬ ಹತ್ತಿರವಾದರೆ ಹತ್ತಿ ಹಿಂಜಿ, ಎಳೆ ತೆಗೆದು, ಕುಂಕುಮದ ಗಂಟು ಹಾಕಿ ಗೆಜ್ಜೆವಸ್ತ್ರ ಮಾಡುವ ಅಜ್ಜಿಯರು ಬೀದಿಗೊಬ್ಬರಾದರೂ ಇರುತ್ತಿದ್ದರು. ಕರಾವಳಿಯಲ್ಲಿ ದೀಪಾವಳಿಗೆ ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಗೂಡುದೀಪ ಕಟ್ಟುತ್ತಾರೆ. ಮದುವೆ ಮನೆಯ ಆರತಿ ತಟ್ಟೆ, ಕೆತ್ತಿದ ಕೊಬ್ಬರಿ, ಹೂಬತ್ತಿ ಎಲ್ಲವೂ ಯಾರದೋ ಕೈಯಿಂದಲೇ ಬಂದದ್ದು. 'ಎಷ್ಟು ಚೆನ್ನಾಗಿದೆ' ಎನ್ನುವುದೇ ಅದಕ್ಕೆ ಸಂದಾಯ. ಹೊಗಳಿಕೆ ಕೆಟ್ಟದ್ದೇನಲ್ಲ, ಆದರೆ ಅದನ್ನು ಕೊಟ್ಟು ಅಕ್ಕಿ ತರಲಾಗುವುದಿಲ್ಲ. ಬಾಸಿಂಗ ಕಟ್ಟುವವರಂಥ ಕಸುಬುದಾರರು ಮಾತ್ರ ತಮ್ಮ ಕೆಲಸಕ್ಕೆ ದರ ಹೇಳುತ್ತಿದ್ದರು. ಅವರ ಪಾಲಿಗೆ ಅದು ಹೊತ್ತು ಕಳೆಯುವ ಕೆಲಸವಾಗಿರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ನಿವೃತ್ತರಾದ, ಇಲ್ಲವೆ ಅರ್ಧದಲ್ಲೇ ಕೆಲಸ ಬಿಡಬೇಕಾಗಿ ಬಂದ ಅನೇಕರು ಕಾಗದದ ಓಲೆ, ಜೇಡಿಮಣ್ಣಿನ ಸರ, ಮಣಿಯ ಬಳೆ, ಕಸೂತಿಯಂಥ ಶುಭಾಶಯ ಪತ್ರ ಇಂಥವನ್ನು ಎರಡನೆಯ ಉದ್ಯೋಗ ಮಾಡಿಕೊಂಡಿದ್ದಾರೆ. ಅಂಥವರಲ್ಲಿ ಬೆಂಗಳೂರಿನ ಒಬ್ಬ ಹೆಂಗಸಿನ ಕಥೆ ಹೇಳಬೇಕಾದ್ದು. ಹೆಸರು ಬೇಡ. ಬೀದಿಯ ಮಕ್ಕಳೆಲ್ಲ ಅವರನ್ನು 'ವಾಚ್ ಆಂಟಿ' ಎಂದೇ ಕರೆಯುವುದರಿಂದ ಇಲ್ಲಿಗೂ ಅಷ್ಟೇ ಸಾಕು.

1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರದ ತಯಾರಿಕೆಗೆ ಕೈಹಾಕಿತು. ಮದುವೆಯಲ್ಲಿ ಅಳಿಯನಿಗೆ, ಪರೀಕ್ಷೆ ಪಾಸಾದ ಮಗನಿಗೆ ಅದೇ ವಾಚು ಎಂಬ ಕಾಲವೊಂದಿತ್ತು. ಕೀಲಿ ಕೊಡುವ ಒಂದು ವಾಚಿನಲ್ಲಿ ನೂರಕ್ಕೂ ಹೆಚ್ಚು ಬಿಡಿಭಾಗಗಳಿರುತ್ತವೆ. ಅವನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಜೋಡಿಸುವ ಕೆಲಸದಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು. ಮುಂದೆ ಬ್ಯಾಟರಿಯ ಕ್ವಾರ್ಟ್ಸ್ ವಾಚು ಬಂತು, ಖಾಸಗಿ ಕಂಪೆನಿಗಳು ಬಂದವು, ಕೊನೆಗೆ ವೇಳೆ ತೋರಿಸುವ ಕೆಲಸವನ್ನು ಮೊಬೈಲ್ ಫೋನೇ ವಹಿಸಿಕೊಂಡಿತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ಕೈಗಡಿಯಾರ ಕಂಪೆನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ವಾಚ್ ಆಂಟಿ ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದದ್ದು ಆ ಕಾಲದಲ್ಲಿ. ಆಗ ಅವರಿಗೆ 53 ವರ್ಷ.

ಬಂದ ಇಡಿಗಂಟು ಮಗಳ ಮದುವೆಗೆ ಅರ್ಧ, ಮನೆಯ ಸಾಲಕ್ಕೆ ಅರ್ಧ ಹೋಯಿತು. ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ ₹1,000 ಎಂದು ನಿಗದಿ ಮಾಡಿದ್ದು 2014ರಲ್ಲಿ. ಇವರಿಗೆ ಅದಕ್ಕಿಂತ ಹೆಚ್ಚೇ ಬಂತು, ಆದರೆ ಗಂಡನ ಸಕ್ಕರೆ ಕಾಯಿಲೆಯ ಔಷಧಿ, ಕರೆಂಟು, ಗ್ಯಾಸು ಎಂದು ತಿಂಗಳ ಇಪ್ಪತ್ತನೆಯ ತಾರೀಖಿನ ಹೊತ್ತಿಗೆ ಕೈ ಖಾಲಿಯಾಗುತ್ತಿತ್ತು. ಆದ್ದರಿಂದ ಪಕ್ಕದ ರಸ್ತೆಯಲ್ಲಿ ನಡೆದ ಹತ್ತು ದಿನದ ಕಾಗದದ ಒಡವೆಯ ತರಗತಿಗೆ ಅವರು ಸೇರಿದಾಗ, ಸುತ್ತಲಿನವರು 'ಒಳ್ಳೆಯದಾಯಿತು, ಟೈಮ್ ಪಾಸ್' ಎಂದರೂ, ಅವರ ಮನಸ್ಸಿನಲ್ಲಿದ್ದದ್ದು ಬೇರೆ.

ಆ ಕಲೆಗೆ ಕ್ವಿಲ್ಲಿಂಗ್ ಎಂದು ಹೆಸರು. ಹಿಂದೆ ಯೂರೋಪಿನ ಕ್ರೈಸ್ತ ಸನ್ಯಾಸಿನಿಯರು ಚಿನ್ನದ ಅಂಚಿನ ಕಾಗದದ ಪಟ್ಟಿಗಳನ್ನು ಹಕ್ಕಿಯ ಗರಿಯ ದಂಟಿಗೆ ಸುತ್ತಿ ಚಿತ್ತಾರ ಮಾಡುತ್ತಿದ್ದರಂತೆ. ಗರಿಯ ದಂಟಿಗೆ ಇಂಗ್ಲಿಷಿನಲ್ಲಿ ಕ್ವಿಲ್ ಎನ್ನುತ್ತಾರೆ. ಈಗ ಗರಿಯ ಬದಲು ತುದಿ ಸೀಳಿದ ಒಂದು ಸೂಜಿ. ಮೂರು ಅಥವಾ ಐದು ಮಿಲಿಮೀಟರ್ ಅಗಲದ ಕಾಗದದ ಪಟ್ಟಿಯ ತುದಿಯನ್ನು ಆ ಸೀಳಿಗೆ ಸಿಕ್ಕಿಸಿ ಸುತ್ತುತ್ತ ಹೋದರೆ ಬಿಗಿಯಾದ ಬಿಲ್ಲೆ. ಸ್ವಲ್ಪ ಸಡಿಲ ಬಿಟ್ಟು ಒಂದು ಕಡೆ ಚಿವುಟಿದರೆ ನೀರಿನ ಹನಿ, ಎರಡು ಕಡೆ ಚಿವುಟಿದರೆ ಕಣ್ಣಿನ ಆಕಾರ. ದೊಡ್ಡ ಬಿಲ್ಲೆಯನ್ನು ಮಧ್ಯದಿಂದ ಮೆಲ್ಲಗೆ ತಳ್ಳಿ ಗುಮ್ಮಟ ಮಾಡಿದರೆ ಜುಮುಕಿಯ ಬುಟ್ಟಿ ಸಿದ್ಧ.

ವಾಚ್ ಆಂಟಿಗೆ ಇದು ಹೊಸ ವಿದ್ಯೆ ಎನ್ನಿಸಲೇ ಇಲ್ಲ. ಪ್ರತಿ ಕೀಲಿ ವಾಚಿನ ಒಳಗೂ ಕೂದಲೆಳೆಯಷ್ಟು ಸಣ್ಣ ಸುರುಳಿ ಸ್ಪ್ರಿಂಗ್ ಒಂದಿರುತ್ತದೆ. ಟಿಕ್ ಟಿಕ್ ಎಂಬ ಸದ್ದಿನ ಲಯವನ್ನು ಕಾಯುವುದು ಅದೇ. ಅಂಥ ಸುರುಳಿಗಳನ್ನು ಮೂವತ್ತು ವರ್ಷ ಚಿಮಟದಲ್ಲಿ ಎತ್ತಿ ಕೂರಿಸಿದ ಬೆರಳುಗಳಿಗೆ ಕಾಗದದ ಸುರುಳಿ ಎಷ್ಟರದು? ಉಳಿದವರು ನಾಲ್ಕನೆಯ ದಿನ ಕಲಿತದ್ದನ್ನು ಅವರು ಮೊದಲ ದಿನವೇ ಮಾಡಿ ಮುಗಿಸಿದರು.

ಕಾಗದದ ಸುರುಳಿಯಲ್ಲಿ ಸ್ವಾರಸ್ಯವಾದ ಒಂದು ಗಣಿತವಿದೆ. ಸಾಮಾನ್ಯ ಜೆರಾಕ್ಸ್ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್. ಅದರ 50 ಸೆಂಟಿಮೀಟರ್ ಉದ್ದದ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಬಿಲ್ಲೆಯ ವ್ಯಾಸ ಹತ್ತಿರ ಹತ್ತಿರ 8 ಮಿಲಿಮೀಟರ್ ಆಗುತ್ತದೆ. ವ್ಯಾಸ 16 ಮಿಲಿಮೀಟರ್ ಬೇಕಾದರೆ ಪಟ್ಟಿ ಒಂದು ಮೀಟರ್ ಇದ್ದರೆ ಸಾಲದು, ಎರಡು ಮೀಟರ್ ಬೇಕು. ಬಿಲ್ಲೆಯ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ವ್ಯಾಸ ಎರಡು ಪಟ್ಟಾಗಲು ಕಾಗದ ನಾಲ್ಕು ಪಟ್ಟಾಗಬೇಕು. ಸುತ್ತುವ ಸಮಯವೂ ಅಷ್ಟೇ. ನೋಡಲು 'ಸ್ವಲ್ಪ ದೊಡ್ಡದು' ಎನ್ನಿಸುವ ಜುಮುಕಿಗೆ ಬೆಲೆ ಯಾಕೆ ಅಷ್ಟು ಏರುತ್ತದೆ ಎಂದು ಕೇಳುವವರಿಗೆ ಇದೇ ಉತ್ತರ.

ಇನ್ನು ಕಾಗದದ ಸ್ವಭಾವ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಕೈಯಲ್ಲಿರುವ ಈ ಪತ್ರಿಕೆಯನ್ನೇ ಓದಿ ಮುಗಿಸಿದ ಮೇಲೆ ಮೇಲಿನಿಂದ ಕೆಳಕ್ಕೆ ಹರಿದು ನೋಡಿ, ಸೀಳು ನೆಟ್ಟಗೆ ಇಳಿಯುತ್ತದೆ. ಅಡ್ಡಕ್ಕೆ ಹರಿದರೆ ಹಲ್ಲುಹಲ್ಲಾಗಿ ಎಲ್ಲೆಲ್ಲೋ ಹೋಗುತ್ತದೆ. ನಾರಿನ ಗುಂಟ ಮಡಿಸಿದ ಶುಭಾಶಯ ಪತ್ರದ ಮಡಿಕೆ ನುಣುಪಾಗಿರುತ್ತದೆ, ಅಡ್ಡಕ್ಕೆ ಮಡಿಸಿದರೆ ಬಿರಿಯುತ್ತದೆ. ಜೈಪುರದ ಬಳಿಯ ಸಾಂಗಾನೇರ್‌ನಂಥ ಕಡೆ ಹತ್ತಿಬಟ್ಟೆಯ ಚೂರುಗಳಿಂದ ಕೈಯಲ್ಲೇ ಎತ್ತುವ ಕಾಗದದಲ್ಲಿ ಈ ದಿಕ್ಕಿನ ಹಟ ಅಷ್ಟಾಗಿ ಇಲ್ಲ, ನಾರುಗಳು ಎಲ್ಲ ಕಡೆಗೂ ಹರಡಿಕೊಂಡಿರುತ್ತವೆ. ಇನ್ನೊಂದು ಸ್ವಭಾವವೆಂದರೆ ನೀರಿನ ಮೇಲಿನ ಮೋಹ. ನಾರಿನಲ್ಲಿರುವ ಸೆಲ್ಯುಲೋಸ್ ಗಾಳಿಯ ತೇವವನ್ನೂ ಬಿಡದೆ ಹೀರಿ ಉಬ್ಬುತ್ತದೆ. ಮಳೆಗಾಲದ ಬೆಂಗಳೂರಿನಲ್ಲಿ ವಾರ್ನಿಷ್ ಕಾಣದ ಕಾಗದದ ಓಲೆ ಎರಡೇ ದಿನಕ್ಕೆ ಸೊರಗುತ್ತದೆ. ಆದ್ದರಿಂದ ಗುಮ್ಮಟದ ಒಳಗೆ ಬಿಳಿ ಗೋಂದಿನ ಲೇಪ, ಹೊರಗೆ ಮೂರು ಸಲ ವಾರ್ನಿಷ್, ಪ್ರತಿ ಸಲವೂ ಪೂರ್ತಿ ಒಣಗುವ ತನಕ ಕಾಯುವುದು. ಅವಸರ ಮಾಡಿದರೆ ಒಳಗೆ ಸಿಕ್ಕಿಕೊಂಡ ತೇವ ಬಿಳಿ ಮಚ್ಚೆಯಾಗಿ ಕಾಣಿಸಿಕೊಳ್ಳುತ್ತದೆ.

ಮೊದಲ ವರ್ಷ ವಾಚ್ ಆಂಟಿ ಮಾಡಿದ್ದೆಲ್ಲ ಖರ್ಚಾಯಿತು. ಖರ್ಚಾಯಿತು ಎಂದರೆ ಕೈಬಿಟ್ಟು ಹೋಯಿತು ಎಂದರ್ಥ. ಸೊಸೆಯ ಗೆಳತಿಯರು, ಮಗಳ ಆಫೀಸಿನವರು, ದೇವಸ್ಥಾನದಲ್ಲಿ ಸಿಕ್ಕವರು ಎಲ್ಲರೂ 'ಆಂಟಿ, ನನಗೊಂದು ಜೊತೆ' ಎಂದರು. ಬೆಲೆ ಕೇಳಿದವರಿಗೆ ಅವರು ₹80 ಎಂದರು. ಯಾಕೆ ಎಂಬತ್ತು? ನೂರು ಎನ್ನಲು ಸಂಕೋಚ, ಅಷ್ಟೆ. ಒಬ್ಬ ಹುಡುಗಿಯ ಕಿವಿ ಕೆಂಪಾಗಿ ನೀರು ಸೋರಿದಾಗ ಅವರಿಗೆ ಇನ್ನೊಂದು ಪಾಠವಾಯಿತು. ಅಗ್ಗದ ಕೊಕ್ಕೆಗಳ ಲೇಪದಲ್ಲಿ ನಿಕ್ಕಲ್ ಇರುತ್ತದೆ, ಬೆವರಿಗೆ ಕರಗಿ ಕೆಲವರ ಚರ್ಮಕ್ಕೆ ಅಲರ್ಜಿ ಮಾಡುತ್ತದೆ. ಯೂರೋಪಿನಲ್ಲಿ ಒಡವೆಯಿಂದ ಹೊರಬೀಳುವ ನಿಕ್ಕಲ್‌ಗೆ ಮಿತಿ ಹಾಕುವ ನಿಯಮ 1994ರಲ್ಲೇ ಬಂತು. ಆಂಟಿ ಒಳ್ಳೆಯ ಸ್ಟೀಲಿನ ಕೊಕ್ಕೆಗೆ ಬದಲಾಯಿಸಿದರು. ಸ್ಟೀಲಿನಲ್ಲೂ ನಿಕ್ಕಲ್ ಇರುವುದುಂಟು, ಆದರೆ ಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳುಪದರ ಅದನ್ನು ಬಹುಮಟ್ಟಿಗೆ ಹೊರಬಿಡುವುದಿಲ್ಲ. ಕೊಕ್ಕೆಯ ಖರ್ಚು ಏರಿತು. ಜುಮುಕಿಯ ಬೆಲೆ ಮಾತ್ರ ₹80 ಇದ್ದಲ್ಲೇ ಇತ್ತು.

ಸಂಕ್ರಾಂತಿಯ ಸಮಯದಲ್ಲಿ ಒಂದು ಸಂಘದ ಸಭಾಂಗಣದಲ್ಲಿ ಪ್ರದರ್ಶನ ಮತ್ತು ಮಾರಾಟ. ಮೇಜಿನ ಬಾಡಿಗೆ ₹500, ಆಟೋಗೆ ಹೋಗಿ ಬರಲು ₹240. ಇಪ್ಪತ್ತು ಜೊತೆ ಮಾರಾಟವಾಯಿತು. ಸಂಜೆ ಮನೆಗೆ ಬಂದು ₹1,600 ಎಣಿಸುವಾಗ ಅವರ ಮುಖದಲ್ಲಿ ಸಂತೋಷವಿತ್ತು. ಗಂಡ ಕೂಡ ಹಿಂದೆ ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತೆ. ಅವರು ಕನ್ನಡಕ ಹಾಕಿಕೊಂಡು ಕೇಳಿದರು:

'ಒಂದು ಜೊತೆಗೆ ಸಾಮಾನಿನ ಖರ್ಚು ಎಷ್ಟು ಬೀಳತ್ತೆ?'

'ಇಪ್ಪತ್ತೆರಡು ರೂಪಾಯಿ.'

'ಟೈಮ್ ಎಷ್ಟು ಹಿಡಿಯತ್ತೆ?'

'ಎರಡೂವರೆ ಗಂಟೆ ಇರಬಹುದು. ಯಾಕೆ?'

ಅವರು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದರು. ಎಂಬತ್ತರಲ್ಲಿ ಇಪ್ಪತ್ತೆರಡು ಹೋದರೆ ಐವತ್ತೆಂಟು. ಬಾಡಿಗೆ, ಆಟೋ ಸೇರಿ ಏಳುನೂರ ನಲವತ್ತನ್ನು ಇಪ್ಪತ್ತು ಜೊತೆಗೆ ಹಂಚಿದರೆ ಮೂವತ್ತೇಳು. ಉಳಿದದ್ದು ಇಪ್ಪತ್ತೊಂದು. ಅದನ್ನು ಎರಡೂವರೆ ಗಂಟೆಗೆ ಹಂಚಿದರೆ ಗಂಟೆಗೆ ₹8.40.

'ನಮ್ಮ ಕ್ಯಾಂಟೀನಿನಲ್ಲಿ ಲೋಟ ತೊಳೆಯೋ ಹುಡುಗನಿಗೂ ಇದಕ್ಕಿಂತ ಜಾಸ್ತಿ ಇತ್ತು ಕಣೇ' ಎಂದರು.

ಆಂಟಿ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ದುಡ್ಡಿನ ಚಿಂತೆ ಒಂದು ಕಡೆ. ಇಡೀ ಆಯುಷ್ಯ ಲೋಕಕ್ಕೆಲ್ಲ ವೇಳೆ ತೋರಿಸುವ ಯಂತ್ರ ಜೋಡಿಸಿದವರು ತಮ್ಮ ವೇಳೆಯನ್ನು ಗಂಟೆಗೆ ಎಂಟು ರೂಪಾಯಿಗೆ ಮಾರಿದ್ದರು, ಅದೂ ಖುಷಿಯಿಂದ. ಇದು ಇನ್ನೊಂದು ಕಡೆ.

ಕಾರ್ಖಾನೆಗಳಲ್ಲಿ 'ಟೈಮ್ ಸ್ಟಡಿ' ಎಂಬ ಪದ್ಧತಿಯಿದೆ. ಒಬ್ಬರು ಸ್ಟಾಪ್‌ವಾಚ್ ಹಿಡಿದು ಹಿಂದೆ ನಿಂತು, ಕೆಲಸದ ಒಂದೊಂದು ಹಂತಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದುಕೊಳ್ಳುತ್ತಾರೆ. ಕೆಲಸಗಾರರಿಗೆ ಅವರನ್ನು ಕಂಡರಾಗದು. ವಾಚ್ ಆಂಟಿ ಮರುದಿನ ತಮ್ಮ ಹಿಂದೆ ತಾವೇ ನಿಂತರು. ಎರಡು ಗೆರೆಯ ನೋಟ್‌ಬುಕ್ಕಿನಲ್ಲಿ ಒಂದು ವಾರ ಬರೆದ ಸರಾಸರಿ ಹೀಗಿತ್ತು: ಪಟ್ಟಿ ಆರಿಸಿ ಜೋಡಿಸಲು 35 ನಿಮಿಷ, ಸುತ್ತಲು 40, ಗುಮ್ಮಟ ಮಾಡಿ ಗೋಂದು ಬಳಿಯಲು 15, ಮಣಿ, ಕೊಕ್ಕೆ, ವಾರ್ನಿಷ್‌ಗೆ 20. ಒಟ್ಟು 110. ಆದರೆ ಗಡಿಯಾರ ತೋರಿಸಿದ್ದು 150. ಉಳಿದ ನಲವತ್ತು ನಿಮಿಷ ಎಲ್ಲಿ ಹೋಯಿತು? ಅದಕ್ಕೆ ಅವರು 'ಎದ್ದು ಹೋದದ್ದು' ಎಂದು ಬೇರೆ ಕಾಲಂ ಹಾಕಿದರು. ಕುಕ್ಕರ್ ಕೂಗಿದ್ದು, ಕೊರಿಯರ್ ಬಂದದ್ದು, ಮೊಮ್ಮಗುವನ್ನು 'ಸ್ವಲ್ಪ ನೋಡಿಕೊಳ್ಳಿ ಅತ್ತೆ, ಹೇಗೂ ಮನೆಯಲ್ಲೇ ಇರ್ತೀರಲ್ಲ' ಎಂದು ಬಿಟ್ಟುಹೋದದ್ದು ಎಲ್ಲ ಅದರಲ್ಲಿ ಬಂತು.

ಅಲ್ಲಿಂದ ಮುಂದೆ ಅವರು ಮಾಡಿದ ಬದಲಾವಣೆಗಳು ಮೂರು. ಒಂದು, ಜುಮುಕಿಯನ್ನು ಒಂದೊಂದಾಗಿ ಮಾಡುವುದನ್ನು ಬಿಟ್ಟು ಹತ್ತು ಜೊತೆ ಒಟ್ಟಿಗೆ ಹಿಡಿದರು. ಒಂದು ದಿನ ಹತ್ತಕ್ಕೂ ಪಟ್ಟಿ ಜೋಡಿಸುವುದು, ಮರುದಿನ ಸುತ್ತುವುದು, ಮೂರನೆಯ ದಿನ ಗುಮ್ಮಟ. ಒಂದು ಒಣಗುವಾಗ ಇನ್ನೊಂದಕ್ಕೆ ಕೈ. ಎರಡು, ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಿಟಕಿಯ ಪಕ್ಕದ ಮೇಜು ಅವರ ಕಾರ್ಖಾನೆ. ಆ ಹೊತ್ತಿನಲ್ಲಿ ಬಾಗಿಲು ತೆಗೆಯುವುದು ಗಂಡನ ಪಾಳಿ. ಮೂರು, ಮೊಮ್ಮಗು ಸಂಜೆ ನಾಲ್ಕರ ಮೇಲೆ ಎಷ್ಟು ಹೊತ್ತಾದರೂ ಸರಿ, ಬೆಳಿಗ್ಗೆ ಇಲ್ಲ. ಸೊಸೆಗೆ ಮೊದಮೊದಲು ಮುಖ ಸಣ್ಣದಾಯಿತು. ಆಫೀಸಿನಲ್ಲಿ ತನ್ನ ಮೇಜಿಗೆ ಮಗು ತರಲಾಗದ ಹಾಗೆಯೇ ಇದೂ ಎಂಬುದು ಅರ್ಥವಾಗಲು ಆಕೆಗೆ ಒಂದು ತಿಂಗಳು ಹಿಡಿಯಿತು. ಪಟ್ಟಿ ಜೋಡಿಸಲು 10, ಸುತ್ತಲು 35, ಗುಮ್ಮಟಕ್ಕೆ 10, ಉಳಿದದ್ದಕ್ಕೆ 15. ಜೊತೆಯೊಂದಕ್ಕೆ 70 ನಿಮಿಷ ಸಾಕಾಯಿತು. ಸಾಮಾನಿಗೆ ₹30, ಸಾಗಣೆ, ಮೇಜು ಇತ್ಯಾದಿಗೆ ₹30. ಬೆಲೆ ₹180. ಗಂಟೆಗೆ ₹103 ಕೂಲಿ.

'ಕಾಗದಕ್ಕೆ ನೂರೆಂಬತ್ತಾ ಆಂಟಿ?' ಎಂದು ಹಳೆ ಗಿರಾಕಿಗಳು ಹುಬ್ಬೇರಿಸಿದರು.

'ಕಾಗದಕ್ಕೆ ಎಂಟೇ ರೂಪಾಯಿ ಕಣಮ್ಮ. ಮಿಕ್ಕಿದ್ದು ನನಗೆ' ಎಂದು ಅವರು ನಗುತ್ತಲೇ ಹೇಳಿದರು. ಅರ್ಧಕ್ಕರ್ಧ ಗಿರಾಕಿಗಳು ಮತ್ತೆ ಬರಲಿಲ್ಲ. ಉಳಿದವರಿಂದ ಬಂದ ಹಣ ಮೊದಲಿಗಿಂತ ಹೆಚ್ಚಿತ್ತು.

ಹೊರಗಿನವರಿಗೆ ಬೆಲೆ ಹೇಳುವುದು ಹೇಗೋ ಆಯಿತು. ನೆಂಟರಿಗೆ ಹೇಳಬೇಕಲ್ಲ? ನಾದಿನಿಯ ಮಗನ ಮದುವೆ ಗೊತ್ತಾಯಿತು. 'ಅತ್ತಿಗೆ, ಮುಯ್ಯಿ ಕವರು ನೂರೈವತ್ತು ಮಾಡಿಕೊಟ್ಟುಬಿಡಿ, ನಿಮಗೇನು, ಕೂತಲ್ಲೇ ಆಗತ್ತೆ' ಎಂದು ಫೋನು. ಒಂದು ರೂಪಾಯಿ ನಾಣ್ಯ ಅಂಟಿಸಿ, ಕಾಗದದ ಹೂ ಕೂರಿಸಿದ ಕವರು ಒಂದಕ್ಕೆ ಹನ್ನೆರಡು ನಿಮಿಷವೆಂದರೂ ಒಟ್ಟು ಮೂವತ್ತು ಗಂಟೆ. ಆಂಟಿ ಎರಡು ದಿನ ಯೋಚಿಸಿ, ಹನ್ನೊಂದು ಕವರು ಉಡುಗೊರೆ, ಉಳಿದದ್ದಕ್ಕೆ ತಲಾ ₹35 ಎಂದು ತಿಳಿಸಿದರು. ನಾದಿನಿ ಚಿಕ್ಕಪೇಟೆಯಲ್ಲಿ ಅಚ್ಚು ಹಾಕಿದ ಕವರು ತೆಗೆದುಕೊಂಡರು. ಮದುವೆಯಲ್ಲಿ ಊಟಕ್ಕೆ ಬನ್ನಿ ಎಂದದ್ದು ಬಿಟ್ಟರೆ ಯುಗಾದಿಯ ತನಕ ಮಾತಿಲ್ಲ. ಗಂಡನಿಗೂ ತನ್ನ ತಂಗಿಯ ವಿಷಯ, ಬೇಸರವಾಗದೆ ಇರುತ್ತದೆಯೆ? ಆದರೂ ಅವರು ಒಂದು ಮಾತೂ ಆಡಲಿಲ್ಲ. ಗಂಟೆಗೆ ₹8.40 ಎಂದು ಬರೆದು ತೋರಿಸಿದವರು ಅವರೇ ತಾನೆ!

ಇಳಿವಯಸ್ಸಿನ ಕಾಗದದ ಕಲೆಯ ಮಾತು ಬಂದಾಗ ಇಂಗ್ಲೆಂಡಿನ ಮೇರಿ ಡಿಲೇನಿಯನ್ನು ನೆನೆಯುವುದುಂಟು. 1700ರಲ್ಲಿ ಹುಟ್ಟಿದ ಈಕೆ ಎರಡನೆಯ ಗಂಡನೂ ತೀರಿಕೊಂಡ ಮೇಲೆ, 72ರ ಸುಮಾರಿಗೆ, ಬಣ್ಣದ ಕಾಗದವನ್ನು ಕತ್ತರಿಸಿ ಕಪ್ಪು ಹಾಳೆಯ ಮೇಲೆ ಅಂಟಿಸಿ ಹೂಗಿಡಗಳ ಚಿತ್ರ ಮಾಡತೊಡಗಿದಳು. ಕಣ್ಣು ಕೈಕೊಡುವವರೆಗೆ, ಹತ್ತು ವರ್ಷದಲ್ಲಿ, ಸಾವಿರದ ಸಮೀಪ ಚಿತ್ರಗಳು. ಅವು ಇಂದಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕೇಳಿದರೆ ಉತ್ಸಾಹ ಬರುತ್ತದೆ. ಆದರೆ ಆಕೆಗೆ ಮೂರನೆಯ ಜಾರ್ಜ್ ದೊರೆ ವಿಂಡ್ಸರ್‌ನಲ್ಲಿ ವಾಸಕ್ಕೆ ಮನೆ, ವರ್ಷಕ್ಕೆ 300 ಪೌಂಡು ಕೊಟ್ಟಿದ್ದ ಎಂಬುದನ್ನೂ ಜೊತೆಗೆ ಹೇಳಬೇಕು. ದೊರೆಯ ಕೃಪೆ ಇದ್ದವರಿಗೆ ಕಲೆ ಕಲೆಯಾಗಿಯೇ ಇದ್ದರೆ ಸಾಕು. ಔಷಧಿ ಅಂಗಡಿಯ ಚೀಟಿ ಕೈಯಲ್ಲಿರುವವರಿಗೆ ಅದು ಕಸುಬೂ ಆಗಬೇಕಾಗುತ್ತದೆ.

ಕಸುಬಿಗೆ ಏಳುಬೀಳು ತಪ್ಪಿದ್ದಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಪ್ರದರ್ಶನಗಳೆಲ್ಲ ನಿಂತವು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮನೆಯಲ್ಲೇ ಕೂತವರಿಗೆ ಓಲೆ ಯಾಕೆ? ನೋಟ್‌ಬುಕ್ಕಿನ ಏಳೆಂಟು ತಿಂಗಳ ಪುಟಗಳು ಖಾಲಿ. ಆಮೇಲೆ ಯಂತ್ರದಲ್ಲಿ ಕತ್ತರಿಸಿದ ಅಗ್ಗದ ಓಲೆಗಳು ಪೇಟೆ ತುಂಬಿದವು. ಆದರೆ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ಸಾಮಾನುಗಳನ್ನು ದೇಶದಲ್ಲಿ ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲೂ ಇತ್ತು. ಗಣೇಶನ ಮಂಟಪಕ್ಕೆ, ನಾಮಕರಣದ ತೊಟ್ಟಿಲಿಗೆ ಕಾಗದದ ಹೂ, ತೋರಣ ಕೇಳುವವರು ಬಂದರು. ಆ ವರ್ಷ ಚೌತಿಗೆ ಮುಂಚಿನ ಆರು ವಾರ ಆಂಟಿಯ ಮೇಜಿನಲ್ಲಿ ಜಾಗವೇ ಇರಲಿಲ್ಲ.

ಈಗ ಅವರಿಗೆ ಅರವತ್ತು ದಾಟಿದೆ. ಹಳೆಯ ಲೂಪನ್ನು ಕಣ್ಣಿಗೆ ಸಿಕ್ಕಿಸಿಕೊಂಡರೂ ಸೀಳಿದ ಸೂಜಿಯ ಬಾಯಿ ಮಸುಕು. ಎಡಗಣ್ಣಿನಲ್ಲಿ ಪೊರೆ ಇದೆ, ಇವತ್ತಲ್ಲ ನಾಳೆ ತೆಗೆಸಬೇಕು ಎಂದು ವೈದ್ಯರು ಹೇಳಿದ್ದಾರೆ. ಹೆಬ್ಬೆರಳಿನ ಬುಡ ಮಳೆಗಾಲದಲ್ಲಿ ನೋಯುತ್ತದೆ. ಎರಡನೆಯ ಉದ್ಯೋಗದ ಬಗ್ಗೆ ಉತ್ಸಾಹದಿಂದ ಮಾತಾಡುವವರು ಇದನ್ನು ಹೇಳುವುದು ಕಡಿಮೆ. ಇಂಥ ಕೆಲಸಕ್ಕೆ ಮೊದಲನೆಯದರಷ್ಟು ಉದ್ದದ ಆಯುಷ್ಯ ಇರುವುದಿಲ್ಲ. ಹತ್ತು ವರ್ಷ ಸಿಕ್ಕರೆ ಪುಣ್ಯ. ಆ ಹತ್ತು ವರ್ಷವನ್ನು ಪುಕ್ಕಟೆ ಹಂಚಿಬಿಟ್ಟರೆ ಹನ್ನೊಂದನೆಯ ವರ್ಷಕ್ಕೆ ಏನೂ ಉಳಿಯುವುದಿಲ್ಲ.

ಸುತ್ತುವ ಕೆಲಸಕ್ಕೆ ಅವರು ಹಿಂದಿನ ಬೀದಿಯ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದಾರೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದವಳು. ಜೊತೆಯೊಂದಕ್ಕೆ ಇಷ್ಟು ಎಂದು ಕೊಡಬಹುದಿತ್ತು, ಹಾಗೆ ಮಾಡಲಿಲ್ಲ. ಕಲಿಯುವ ಕೈ ನಿಧಾನ, ತುಂಡಿನ ಲೆಕ್ಕದಲ್ಲಿ ಅದಕ್ಕೆ ಅನ್ಯಾಯವಾಗುತ್ತದೆ ಎಂದು ಗಂಟೆಯ ಲೆಕ್ಕದಲ್ಲೇ ಕೂಲಿ. ಹುಡುಗಿ ಬಂದ ಕೂಡಲೇ ಗೋಡೆಯ ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ವೇಳೆ ಬರೆಯುತ್ತಾಳೆ, ಹೊರಡುವಾಗ ಮತ್ತೆ ಬರೆದು ಸಹಿ ಹಾಕುತ್ತಾಳೆ. ಕಳೆದ ತಿಂಗಳು ಒಂದು ದಿನ, 'ಹತ್ತು ನಿಮಿಷ ತಾನೆ, ಬಿಡಿ ಆಂಟಿ' ಎಂದು ಹಾಗೆಯೇ ಹೊರಟವಳನ್ನು ಆಂಟಿ ಬಾಗಿಲಿನಿಂದ ವಾಪಸು ಕರೆದರು. ಆ ಹತ್ತು ನಿಮಿಷವನ್ನೂ ಬರೆಸಿದ ಮೇಲೆಯೇ ಅವಳನ್ನು ಕಳಿಸಿದ್ದು.